ಇನ್‌ಸ್ಪೆಕ್ಷನ್ ಮುಗಿದ ಮೇಲೆ

ಕುಷ್ಟಗಿಯಿಂದ ಯಲಬುರ್ಗಿಯ ಕಡೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಹಳ್ಳಿ. ಹೆಸರು ಬೇಡ, ಅಲ್ಲಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ೧೯೭೮ರಲ್ಲಿ ಆ ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ವಿರುಪಣ್ಣ ಮಾಸ್ತರು. ಸುತ್ತಲಿನ ಹುಡುಗರೆಲ್ಲ ಕನ್ನಡದಲ್ಲಿ ಪಾಸಾಗಿ, ಸಮಾಜದಲ್ಲಿ ಪಾಸಾಗಿ, ಹೇಗೋ ತಿಣುಕಿ ಗಣಿತದಲ್ಲೂ ಪಾಸಾಗಿ, ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಎಮ್ಮೆ ಕಾಯಲು ಮನೆಗೆ ಬರುತ್ತಿದ್ದ ಕಾಲ ಅದು. ಹಾಗಾಗಿ ಇಂಗ್ಲಿಷ್ ಮಾಸ್ತರರಿಗೆ ಊರಿನಲ್ಲಿ ಡಾಕ್ಟರರಷ್ಟು ಮರ್ಯಾದೆ. ಅದು ವಿರುಪಣ್ಣನವರಿಗೆ ಗೊತ್ತಿತ್ತು, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಅವರು ಹೆಸರುವಾಸಿಯಾಗಿದ್ದದ್ದು ಒಂದೇ ಒಂದು ಪಾಠದಿಂದ. ನಮ್ಮ ಕಡೆಯವರು ‘ಮಳೆ ಬಂದಾಗ ಬಿತ್ತುತ್ತೇವೆ’ ಎನ್ನುತ್ತಾರೆ. ಮಳೆ ಇನ್ನೂ ಬಂದಿಲ್ಲ, ಮೋಡವೂ ಇಲ್ಲ, ಆದರೂ ಬಾಯಲ್ಲಿ ‘ಬಂದ’ ಬಂದುಬಿಡುತ್ತದೆ. ಅದನ್ನೇ ಹುಡುಗರು ಇಂಗ್ಲಿಷಿಗೆ ಹಾಕಿ, ‘ವೆನ್ ದಿ ರೇನ್ ಕೇಮ್, ವಿ ವಿಲ್ ಸೋ’ ಎಂದು ಬರೆಯುತ್ತಿದ್ದರು. ಸ್ವಲ್ಪ ಚುರುಕಾದವರು, ಮಳೆ ಮುಂದೆ ಬರುವುದಲ್ಲವೇ ಎಂದು ತಲೆ ಓಡಿಸಿ ಎರಡೂ ಕಡೆ ‘ವಿಲ್’ ತುರುಕುತ್ತಿದ್ದರು. ಅದೂ ತಪ್ಪು. ಬರಲಿರುವ ಮಳೆಗೆ ‘ಕಮ್ಸ್’ ಎನ್ನಬೇಕು, ‘ವಿಲ್’ ಏನಿದ್ದರೂ ಬಿತ್ತುವುದಕ್ಕೆ. ಇದನ್ನು ಹಳ್ಳಿಯ ಹುಡುಗರ ತಲೆಗೆ ಇಳಿಸಿದ್ದು ತಾವೊಬ್ಬರೇ ಎಂದು ಮಾಸ್ತರರ ನಂಬಿಕೆ.

“ವೆನ್, ಟಿಲ್, ಬಿಫೋರ್, ಆಫ್ಟರ್, ಆಸ್ ಸೂನ್ ಆಸ್. ಈ ಐದು ಮಂದಿ ಮನ್ಯಾಗ ವಿಲ್‌ಗ ಪ್ರವೇಶ ಇಲ್ಲ,” ಎಂದು ಅವರು ಬೆತ್ತದಿಂದ ಹಲಗೆ ಬಡಿಯುತ್ತಿದ್ದರು. “ಚಪ್ಪಲಿ ಹೊರಗ ಬಿಟ್ಟಂಗ ಬಾಗಲದಾಗ ಬಿಟ್ಟು ಬರಬೇಕು. ತಿಳೀತಿಲ್ಲೋ?”

“ತಿಳೀತ್ರಿ ಸರ,” ಎಂದು ಕ್ಲಾಸು ಒಂದೇ ದನಿಯಲ್ಲಿ ಕೂಗುತ್ತಿತ್ತು. ತಿಳಿಯದವರೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು.

ತಿಳಿದಿದೆಯೋ ಇಲ್ಲವೋ ನೋಡುವುದಕ್ಕೆ ಆಗಿನ ಶಾಲೆಗಳಲ್ಲೆಲ್ಲ ಒಂದು ಪದ್ಧತಿ ಇತ್ತು. ಪ್ರಶ್ನೆ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ತಪ್ಪು ಹೇಳಿದವರು ನಿಂತೇ ಇರಬೇಕು. ಸರಿ ಹೇಳಿದವನು ನಿಂತವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ, ಎಡಗೈಯಲ್ಲಿ ಮೂಗು ಹಿಡಿದು ಬಲಗೈಯಲ್ಲಿ ಕಪಾಳಕ್ಕೆ ಕೊಡಬೇಕು. ಗೆಳೆಯನೆಂದು ಮೆಲ್ಲಗೆ ಸವರಿದರೆ, ಹೇಗೆ ಹೊಡೆಯಬೇಕೆಂದು ಮಾಸ್ತರರು ಅವನ ಕೆನ್ನೆಯ ಮೇಲೆಯೇ ತೋರಿಸುತ್ತಿದ್ದರು. ಹುಡುಗರು ಹುಡುಗರಿಗೆ, ಹುಡುಗಿಯರು ಹುಡುಗಿಯರಿಗೆ ಎಂಬ ಒಂದು ಗೆರೆ ಮಾತ್ರ ಇತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ದಾಟಿಯೂ ಇರಲಿಲ್ಲ.

ಆ ವರ್ಷ ಹತ್ತನೆಯ ಕ್ಲಾಸಿನಲ್ಲಿ ಇದ್ದದ್ದು ನಾಲ್ಕೇ ಹುಡುಗಿಯರು. ಅವರಲ್ಲೊಬ್ಬಳು ಜೋಹರಾಬಿ, ಹತ್ತಿ ಹಿಂಜಿ ಗಾದಿ ಹೊಲಿಯುವ ಇಬ್ರಾಹಿಂಸಾಬರ ಮಗಳು. ಅವರ ಪಿಂಜಾರ ಓಣಿಯಲ್ಲಿ ಹತ್ತನೆಯ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಪಾಸಾಗಿ ಕೊಪ್ಪಳಕ್ಕೆ ಹೋಗಿ ಟೀಚರ್ ಟ್ರೇನಿಂಗ್ ಓದಬೇಕು ಎಂಬುದು ಅವಳ ಆಸೆ. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಯಮನೂರಸಾಬ ಒಂಬತ್ತರಲ್ಲಿ ಕೂತು ಕೂತು ತಂಗಿಯ ಜೊತೆಗೂಡಿದ್ದ. ಒಳ್ಳೆಯ ಹುಡುಗ, ಗಾದಿ ಹೊಲಿದರೆ ಅಪ್ಪನಿಗಿಂತ ನೆಟ್ಟಗೆ ಹೊಲಿಯುತ್ತಿದ್ದ. ಆದರೆ ಇಂಗ್ಲಿಷ್ ಎಂದರೆ ಅವನ ನಾಲಿಗೆ ಅಂಟಿಕೊಳ್ಳುತ್ತಿತ್ತು.

ಜೋಹರಾ ಒಮ್ಮೆ ಎದ್ದು ನಿಂತು ಕೇಳಿದ್ದಳು: “ಸರ, ಇನ್ನೂ ಬರದಿದ್ದ ಮಳಿಗೆ ಅವರು ಯಾಕ ಹಂಗ ಬರೀತಾರ್ರಿ? ಕಾಯಾಕತ್ತಿದ್ದನ್ನ ಬಂದೈತಿ ಅಂತನ ತಿಳ್ಕೊಂತಾರೇನ್ರಿ?” ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾರೂ ಕೇಳದ ಪ್ರಶ್ನೆ. ಮಾಸ್ತರರು, “ರೂಲ್ ಅಂದ್ರ ರೂಲ್, ಕುಂದ್ರು,” ಎಂದರು. ಆದರೆ ಸಂಜೆ ಮನೆಯಲ್ಲಿ ಹೆಂಡತಿ ಪಕೀರಮ್ಮನ ಮುಂದೆ ಆ ಹುಡುಗಿಯನ್ನು ಬಾಯಿತುಂಬ ಹೊಗಳಿದರು.

ನವೆಂಬರ್ ತಿಂಗಳ ಮೊದಲ ವಾರ. ಹದಿನೈದನೆಯ ತಾರೀಖಿಗೆ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂದು ಕಾಗದ ಬಂತು. ವಿರುಪಣ್ಣನವರಿಗೆ ತಲೆಬಿಸಿ ಶುರುವಾಯಿತು. ಅವತ್ತೇ ಕ್ಲಾಸಿಗೆ ಹೋಗಿ ಮಳೆಯ ವಾಕ್ಯ ಕೊಟ್ಟರು. ಮೊದಲನೆಯವನು ‘ಕೇಮ್’ ಅಂದ. ಎರಡನೆಯವನು ‘ವಿಲ್ ಕಮ್’ ಅಂದ. ಮೂರನೆಯವನು ಇಬ್ಬರದನ್ನೂ ಸೇರಿಸಿ ‘ವಿಲ್ ಕೇಮ್’ ಅಂದ. ಹೀಗೆ ಹದಿನೇಳು ಹುಡುಗರು ಕಂಬಗಳಂತೆ ನಿಂತರು. ಹದಿನೇಳನೆಯವನು ಯಮನೂರಸಾಬ. ಅವನು ಏನೂ ಹೇಳಲಿಲ್ಲ.

ಹುಡುಗಿಯರ ಸಾಲಿಗೆ ಬಂದಾಗ ಮೊದಲ ಬೆಂಚಿನ ಜೋಹರಾ ಪಟಕ್ಕನೆ ಸರಿಯಾಗಿ ಹೇಳಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತಾವೇ ನಾಲ್ಕು ಬಾರಿಸಿದ್ದರೂ ಆಗುತ್ತಿತ್ತು. ಆದರೆ ಸಿಟ್ಟು ನೆತ್ತಿಗೇರಿದ್ದ ಮಾಸ್ತರರಿಗೆ ಇವರಿಗೆ ನಾಚಿಕೆಯಾಗುವಂತೆ ಮಾಡಬೇಕು ಅನ್ನಿಸಿತು.

“ಬಾರವಾ ಜೋಹರಾ. ಹೊಡಿ ಎಲ್ಲಾರಿಗೂ. ಹುಡುಗಿ ಕೈಲೆ ತಿಂದ್ರ ಬುದ್ಧಿ ಬರತೈತಿ.”

ಹುಡುಗಿ ಕೂತಲ್ಲಿಂದ ಏಳಲಿಲ್ಲ. “ಬ್ಯಾಡ್ರಿ ಸರ,” ಅಂದಳು.

“ನನ್ನ ಕ್ಲಾಸಿನ್ಯಾಗ ಹುಡುಗ ಹುಡುಗಿ ಅನ್ನೂದು ಇಲ್ಲ. ಏಳು.”

ಎದ್ದಳು. ಹದಿನಾರು ಜನರಿಗೆ ಸೊಳ್ಳೆ ಹೊಡೆದ ಹಾಗೆ ಹೊಡೆಯುತ್ತಾ ಬಂದಳು. ಹುಡುಗರು ಮುಸಿಮುಸಿ ನಕ್ಕರು. ಕೊನೆಗೆ ಅಣ್ಣನ ಮುಂದೆ ಬಂದು ನಿಂತುಬಿಟ್ಟಳು. ಮಾಸ್ತರರ ಕಡೆ ತಿರುಗಿ, “ಸರ, ಇಂವ ನಮ್ಮಣ್ಣರಿ,” ಅಂದಳು. ಗೊತ್ತಿಲ್ಲದವರಿಗೆ ಹೇಳುವಂತೆ ಹೇಳಿದಳು. ಮಾಸ್ತರರಿಗೆ ಗೊತ್ತಿತ್ತು. ಆದರೆ ಇಡೀ ಕ್ಲಾಸು ತಮ್ಮನ್ನೇ ನೋಡುತ್ತಿತ್ತು. ಈಗ ಬಿಟ್ಟರೆ ಸೋತಂತೆ ಆಗುತ್ತದೆ ಅನ್ನಿಸಿತು.

“ಎಲ್ಲಾರಿಗೂ ಒಂದ ನ್ಯಾಯ. ಮೆಲ್ಲಕ ಹೊಡೆದಿ ಅಂದ್ರ ಎಲ್ಲಾರ್ದೂ ಮತ್ತ ಮೊದಲಿಂದ.”

ಯಮನೂರಸಾಬನೇ ತಗ್ಗಿದ ದನಿಯಲ್ಲಿ, “ಹೊಡೀ, ಇರಲಿ,” ಅಂದ. ತಂಗಿ ಕಣ್ಣು ಮುಚ್ಚಿಕೊಂಡು ಹೊಡೆದಳು. ಕಣ್ಣು ಮುಚ್ಚಿದ್ದಕ್ಕೋ ಏನೋ, ಏಟು ಜೋರಾಗಿಯೇ ಬಿತ್ತು. ಈ ಸಲ ಯಾರೂ ನಗಲಿಲ್ಲ.

ಕ್ಲಾಸಿನಲ್ಲಿ ನಗದವರು ಊರಲ್ಲಿ ನಕ್ಕರು. ಸಂಜೆ ಬಾಲಪ್ಪನ ಚಹಾದಂಗಡಿಯಲ್ಲಿ ಇಬ್ರಾಹಿಂಸಾಬರು ಕಪ್ಪು ಕೈಗೆತ್ತಿಕೊಳ್ಳುವಷ್ಟರಲ್ಲಿ ಯಾರೋ, “ಸಾಬರ, ನಿಮ್ಮ ಮನ್ಯಾಗ ಇನ್ನ ಮ್ಯಾಲ ಯಜಮಾನ್ಕಿ ಮಗಳದಂತಲ್ಲ,” ಅಂದರು. ಇನ್ನೊಬ್ಬರು ಅವರ ಜೊತೆಗಿದ್ದ ಯಮನೂರಸಾಬನ ಕೆನ್ನೆ ನೋಡಿ ಬೆಣ್ಣೆ ಹಚ್ಚಲೇ ಎಂದು ಕೇಳಿದರು. ಇಬ್ರಾಹಿಂಸಾಬರು ಚಹಾ ಅಲ್ಲೇ ಬಿಟ್ಟು ಎದ್ದು ಬಂದರು. ಮರುದಿನದಿಂದ ಜೋಹರಾಬಿ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಮಾಸ್ತರರ ಮನೆಗೆ ಬಂದಳು. ಹಿತ್ತಲಿನಿಂದ ಬಂದು ಪಕೀರಮ್ಮನ ಪಕ್ಕ ನಿಂತುಕೊಂಡಳು. ಮಾಸ್ತರರು ಊಟಕ್ಕೆ ಕೂತಿದ್ದರು.

“ಸರ, ನೀವು ಒಂದ ಸಲ ನಮ್ಮ ಮನಿಗೆ ಬರ್ರಿ. ನಾನಾಗಿ ಹೊಡೀಲಿಲ್ಲ, ನೀವ ಹೊಡಿಸಿದ್ರಿ ಅಂತ ಅಪ್ಪನ ಮುಂದ ಅಷ್ಟ ಹೇಳ್ರಿ. ನಾನು ಹೇಳಿದ್ರ ಅಪ್ಪ ನಂಬವಲ್ಲ. ಮಾಸ್ತರ ಹೊಡಿಸಿದ್ದು ಖರೇ ಇದ್ರ ಮಾಸ್ತರ ಬಂದು ಹೇಳಲಿ, ಆಮ್ಯಾಲ ಸಾಲಿಗೆ ಕಳಿಸ್ತೀನಿ ಅಂತಾನ್ರಿ.”

ಮಾಸ್ತರರು ತುತ್ತು ನುಂಗಿದರು. “ಅಣ್ಣ ಏನಂತಾನ?”

“ಅಂವ ಎರಡ ದಿನ ಮಾತಾಡ್ಲಿಲ್ರಿ. ಈಗ ಮಾತಾಡ್ತಾನ. ಆದ್ರ ಮಂಗಳೂರಿನವ್ರು ಬಂದು ನೋಡಿ ಹೋಗ್ಯಾರ್ರಿ. ತಿಂಗಳ ಕಡೀಕ ಮತ್ತ ಬರ್ತಾರ. ಪರೀಕ್ಷಾ ಫಾರ್ಮಿಗೆ ಅಪ್ಪನ ಸಹಿನೂ ಆಗಬೇಕ್ರಿ, ಮೂವತ್ತನೇ ತಾರೀಖ ಕಡೀ ದಿನ.”

ಮಂಗಳೂರೆಂದರೆ ಕಡಲ ದಂಡೆಯದಲ್ಲ, ಯಲಬುರ್ಗಿ ತಾಲ್ಲೂಕಿನ ಮಂಗಳೂರು. ಅಲ್ಲೊಬ್ಬ ವರನಿದ್ದ. ಮೊದಲೇ ಬಂದಿದ್ದ ಸಂಬಂಧವನ್ನು ಇಬ್ರಾಹಿಂಸಾಬರು ಹುಡುಗಿಯ ಓದು ಮುಗಿಯಲೆಂದು ತಡೆದು ಹಿಡಿದಿದ್ದರು. ಇದೆಲ್ಲ ಮಾಸ್ತರರಿಗೆ ಸ್ಪಷ್ಟವಾಗಿ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಅವರು ಮುಂದೆ ಎಂದೂ ಹೇಳಿಕೊಳ್ಳುವಂತಿರಲಿಲ್ಲ.

“ಬರ್ತೀನಿ ತಂಗಿ. ಖರೇನ ಬರ್ತೀನಿ. ಈ ಇನ್‌ಸ್ಪೆಕ್ಷನ್ ಒಂದ ಮುಗೀಲಿ, ಮರುದಿನಾನ ಬಂದು ನಿಮ್ಮಪ್ಪನ ಕೂಡ ಮಾತಾಡ್ತೀನಿ. ಚಿಂತಿ ಮಾಡಬ್ಯಾಡ.”

ಹುಡುಗಿಯ ಮುಖ ಅರಳಿತು. “ಹಂಗಾರ ಅಪ್ಪಗ ಹೇಳ್ತೀನ್ರಿ, ಸರ ಬರ್ತಾರಂತ,” ಎಂದು ಓಡಿದಳು.

ಪಕೀರಮ್ಮ ಹಾಲು ಬಡಿಸುತ್ತಾ, “ಪಿಂಜಾರ ಓಣಿ ಏನ್ ಕಾಶೀ ಐತೇನ್ರಿ? ಕೈ ತೊಳಕೊಂಡು ಈಗ ಹೋಗಿ ಬರ್ರಿ,” ಅಂದರು.

“ನಿನಗ ತಿಳಿಯಂಗಿಲ್ಲ ಸುಮ್ನಿರು,” ಎಂದರು ಮಾಸ್ತರರು. ತಿಳಿಯದಿರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮಾಸ್ತರರ ಬಳಿಗೆ ಊರು ಬರುತ್ತಿತ್ತು, ಮಾಸ್ತರರು ಯಾರ ಹೊಸ್ತಿಲಿಗೂ ಹೋಗಿದ್ದಿಲ್ಲ. ಅದೂ ಹೋಗಿ ಗಾದಿ ಹೊಲಿಯುವವರ ಮುಂದೆ ‘ತಪ್ಪು ನನ್ನದು’ ಅನ್ನಬೇಕು, ಏಟು ತಿಂದ ಹುಡುಗ ಪಕ್ಕದಲ್ಲೇ ಕೂತು ಕೇಳುತ್ತಿರುತ್ತಾನೆ. ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇನ್‌ಸ್ಪೆಕ್ಷನ್ ಎನ್ನುವುದು ಒಳ್ಳೆಯ ಮರೆಯಾಯಿತು. ಇನ್‌ಸ್ಪೆಕ್ಷನ್ನಿಗೂ ಪಿಂಜಾರ ಓಣಿಗೂ ಏನು ಸಂಬಂಧ ಎಂದು ಅವರನ್ನು ಯಾರೂ ಕೇಳಲಿಲ್ಲ, ಅವರೂ ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ಹದಿನೈದಕ್ಕೆ ಬರಬೇಕಾದ ಸಾಹೇಬರು ಬರಲಿಲ್ಲ. ಜೀಪು ಕೆಟ್ಟಿದೆ, ಇಪ್ಪತ್ತೆರಡಕ್ಕೆ ಬರುತ್ತೇವೆ ಎಂದು ಸುದ್ದಿ ಬಂತು. ಮಾಸ್ತರರಿಗೆ ಬೇಸರವಾಗಬೇಕಿತ್ತು. ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವಾಯಿತು. ಇಪ್ಪತ್ತೆರಡೂ ಹೋಗಿ ಇಪ್ಪತ್ತೆಂಟಾಯಿತು. ನಡುವೆ ಎರಡು ಭಾನುವಾರ ಬಂದು ಹೋದವು. ಒಂದು ಭಾನುವಾರ ಅವರು ಕ್ಷೌರಕ್ಕೆಂದು ಪಿಂಜಾರ ಓಣಿಯ ತಿರುವಿನವರೆಗೆ ಹೋಗಿದ್ದರು. ಹತ್ತಿ ಹಿಂಜುವ ಬಿಲ್ಲಿನ ಸದ್ದು ಕೇಳುತ್ತಿತ್ತು. ಒಂದು ಕ್ಷಣ ನಿಂತರು. ಇಬ್ರಾಹಿಂಸಾಬರು ಕೆಲಸದಲ್ಲಿದ್ದಾರೆ, ತೊಂದರೆ ಕೊಡುವುದು ಬೇಡ ಎಂದುಕೊಂಡು ತಿರುಗಿ ಬಂದರು.

ಇಪ್ಪತ್ತೆಂಟಕ್ಕೆ ಸಾಹೇಬರು ಬಂದರು. ಹತ್ತನೆಯ ಕ್ಲಾಸಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿದರು, ಎರಡು ಕೇಳಿದರು. ಇಪ್ಪತ್ತು ದಿನ ಕಪಾಳ ಊದಿಸಿಕೊಂಡ ಹುಡುಗರು ತಪ್ಪಿಲ್ಲದೆ ಹೇಳಿದರು. ವಿಲ್ ಎನ್ನುವವನು ಬಾಗಿಲ ಹೊರಗೇ ನಿಂತ. ಯಮನೂರಸಾಬ ಕೂಡ ಒಂದು ವಾಕ್ಯ ನೆಟ್ಟಗೆ ಹೇಳಿಬಿಟ್ಟ. ಸಾಹೇಬರು ವಿರುಪಣ್ಣನವರ ಬೆನ್ನು ತಟ್ಟಿ, ಇಂಥ ಇಂಗ್ಲಿಷ್ ತಾಲ್ಲೂಕಿನಲ್ಲೇ ಕೇಳಿಲ್ಲವೆಂದು ಪುಸ್ತಕದಲ್ಲಿ ಬರೆದು ಹೋದರು. ಅವತ್ತು ಮಾಸ್ತರರ ಕಾಲು ನೆಲದ ಮೇಲೆ ಇರಲಿಲ್ಲ.

ಮಾತು ಕೊಟ್ಟ ಹಾಗೆಯೇ ಮರುದಿನ ಇಪ್ಪತ್ತೊಂಬತ್ತಕ್ಕೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷಾ ಫಾರ್ಮನ್ನು ಜೇಬಿನಲ್ಲಿಟ್ಟುಕೊಂಡು ಅವರು ಪಿಂಜಾರ ಓಣಿಗೆ ಹೋದರು.

ಇಬ್ರಾಹಿಂಸಾಬರು ಎದ್ದು ನಿಂತು ಕೈ ಮುಗಿದರು. “ಬರ್ರಿ ಸರ, ಕುಂದರ್ರಿ,” ಎಂದು ಹೊಸ ಗಾದಿಯನ್ನೇ ಹಾಸಿದರು. ಮಾಸ್ತರರು ಎಲ್ಲ ಹೇಳಿದರು. ಹೊಡೆಸಿದ್ದು ನಾನೇ, ಹುಡುಗಿ ಬೇಡ ಅಂದಳು, ತಪ್ಪು ನನ್ನದು ಎಂದು ಒಂದೇ ಉಸಿರಿಗೆ ಹೇಳಿದರು. ಇಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂದದ್ದು ನೋಡಿ ಅವರಿಗೇ ಆಶ್ಚರ್ಯವಾಯಿತು.

ಇಬ್ರಾಹಿಂಸಾಬರು ತಲೆ ಅಲ್ಲಾಡಿಸುತ್ತಾ ಕೇಳಿದರು. ಸಿಟ್ಟೇನೂ ಮಾಡಲಿಲ್ಲ.

“ನಿಮ್ಮಂಥಾವ್ರು ನಮ್ಮ ಮನಿತನಕ ಬಂದ್ರಿ, ಭಾಳ ಸಂತೋಷ. ಆದ್ರ ಮಂಗಳೂರಿನವ್ರಿಗೆ ನಿನ್ನಿ ಮಾತು ಕೊಟ್ಟಾತ್ರಿ. ಸಕ್ಕರಿ ಹಂಚ್ಯಾರ. ಇನ್ನ ಹಿಂದಕ ತಗೊಂಡ್ರ ನಮ್ಮ ಮಂದ್ಯಾಗ ನಾನು ತಲಿ ಎತ್ತಂಗಿಲ್ಲ.”

ಹಿಂಜಿ ಗುಡ್ಡೆ ಹಾಕಿದ ಹತ್ತಿಯ ಪಕ್ಕದಲ್ಲಿ ಸೂಜಿ ಹಿಡಿದು ಕೂತಿದ್ದ ಯಮನೂರಸಾಬ ತಲೆ ಎತ್ತದೆ ಹೇಳಿದ: “ನಾನೂ ಹೇಳಿದ್ನಿರಿ ಸರ, ಅಕೀನ್ನ ಕಳಿಸು, ನಂದೇನಿಲ್ಲ ಅಂತ.” ಒಳಗಿನಿಂದ ಅವನ ತಾಯಿ ಫಾತಿಮಾಬೀ ಚಹಾ ಕಳಿಸಿದರು. ಜೋಹರಾ ಹೊರಗೆ ಬರಲಿಲ್ಲ. ಫಾರ್ಮು ಜೇಬಿನಲ್ಲೇ ಉಳಿಯಿತು. ಮಾಸ್ತರರು ಚಹಾ ಕುಡಿದು ಬಂದರು.

ಅದಾದ ಮೇಲೆ ವಿರುಪಣ್ಣನವರು ಬದಲಾದರು ಎಂಬುದನ್ನು ಒಪ್ಪಲೇಬೇಕು. ಮೂಗು ಹಿಡಿದು ಹೊಡೆಸುವ ಪದ್ಧತಿಯನ್ನು ತಮ್ಮ ಕ್ಲಾಸಿನಿಂದ ಕಿತ್ತುಹಾಕಿದರು. ಗಂಗಾವತಿಗೆ ವರ್ಗವಾದ ಮೇಲೂ ಹೊಸ ಮಾಸ್ತರರನ್ನು ಕೂರಿಸಿಕೊಂಡು, “ಅಣ್ಣಗ ತಂಗೀ ಕಡೆ ಹೊಡಿಸಿ ಒಂದು ಹುಡುಗೀ ಬಾಳೇವು ಕೆಡಿಸಿದ ಪಾಪಿ ನಾನು. ನೀವು ಹಂಗ ಮಾಡಬ್ಯಾಡ್ರಿ,” ಎನ್ನುತ್ತಿದ್ದರು. ಹೇಳುವಾಗ ಕಣ್ಣು ತುಂಬುತ್ತಿದ್ದವು, ಅದು ನಟನೆಯಲ್ಲ. ಕೇಳಿದವರು, ದೊಡ್ಡ ಮನಸ್ಸು ಸರ್ ನಿಮ್ಮದು, ತಪ್ಪು ಒಪ್ಪಿಕೊಳ್ಳುವವರು ಎಷ್ಟು ಜನ ಇದ್ದಾರೆ ಎನ್ನುತ್ತಿದ್ದರು. ಹೀಗೆ ಹೇಳಿ ಹೇಳಿ ಎದೆಯ ಭಾರ ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂದಿತ್ತು.

೧೯೮೫ರ ಬೇಸಿಗೆಯಲ್ಲಿ ಒಂದು ಮದುವೆಗೆ ಬಂದಿದ್ದ ಅವರು ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಗಂಗಾವತಿಯ ಬಸ್ಸು ಕಾಯುತ್ತಿದ್ದರು. “ಅರಾಮ ಅದೀರೇನ್ರಿ ಸರ?” ಎಂದು ಒಂದು ಹೆಣ್ಣು ದನಿ ಕೇಳಿತು. ತಲೆಯ ಮೇಲೆ ಸೆರಗು, ಕೈಯಲ್ಲೊಂದು ಬಟ್ಟೆಯ ಚೀಲ. ಜೋಹರಾಬಿ. ತವರಿಗೆ ಬಂದು ಮಂಗಳೂರಿಗೆ ಹೊರಟಿದ್ದಳು. ಗಂಡ ಒಳ್ಳೆಯವನು, ಎರಡು ಮಕ್ಕಳು, ಅಣ್ಣನ ಗಾದಿ ಅಂಗಡಿ ಕೊಪ್ಪಳದಲ್ಲಿ ಛಲೋ ನಡೆದಿದೆ ಎಂದು ಕೇಳುವ ಮೊದಲೇ ಹೇಳಿದಳು.

ಏಳು ವರ್ಷ ಯಾರ್‍ಯಾರ ಮುಂದೆಯೋ ಹೇಳಿದ್ದನ್ನು ಹೇಳಬೇಕಾದವಳಿಗೇ ಹೇಳುವ ಅವಕಾಶ ಒದಗಿ ಬಂದಿತ್ತು.

“ಜೋಹರಾ, ನನ್ನ ಕ್ಷಮಾ ಮಾಡಬೇಕವಾ. ಅವತ್ತ ನಿನ್ನ ಕೈಲೆ ಹೊಡಿಸಬಾರದಿತ್ತು. ಈಗ ನನ್ನ ಕ್ಲಾಸಿನ್ಯಾಗ ಯಾರಿಗೂ ಕೈ ಹಚ್ಚಾಕ ಬಿಡಂಗಿಲ್ಲ. ಆ ಒಂದು ಏಟು ಏಳು ವರ್ಷ ನನಗ ನಿದ್ದಿ ಕೊಟ್ಟಿಲ್ಲ.”

ಅವಳು ನಕ್ಕಳು. ಅದರಲ್ಲಿ ಕುಹಕವಿರಲಿಲ್ಲ. “ಅಯ್ಯ, ಅದನ್ನ ಇನ್ನೂ ಹಿಡಕೊಂಡು ಕುಂತೀರೇನ್ರಿ? ನಮ್ಮಣ್ಣನ ಅದನ್ನ ಮನಸಿನ್ಯಾಗ ಇಟಗೊಂಡಿಲ್ಲ. ಹಬ್ಬಕ್ಕ ಹೋದ್ರ ನನ್ನ ಮಕ್ಕಳ ಮುಂದ ಗಲ್ಲ ಹಿಡಕೊಂಡು ತೋರಿಸಿ ನಗಸ್ತಾನ. ಅದಕ್ಕೇನ್ ಸಿಟ್ಟಿಲ್ರಿ ನನಗ.”

“ಮತ್ತ?” ಅಂದರು ಮಾಸ್ತರರು. ಬೇರೆ ಏನೋ ಇದೆ ಎಂದು ಅವಳು ಹೇಳಿರಲಿಲ್ಲ. ಆದರೂ ಬಾಯಿಗೆ ಬಂತು.

ಜೋಹರಾ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

“ಗಂಗಾವತ್ಯಾಗ ನಮ್ಮ ಸೋದರಮಾವ ಇದ್ದ್ರಿ, ಅಕ್ಕಿ ಮಿಲ್ಲಿನ್ಯಾಗ. ಅಂವನ ಮಾತು ಅಪ್ಪ ತಗದು ಹಾಕ್ತಿದ್ದಿಲ್ಲ. ಅವ್ವ ಅಂದ್ಲು, ಮಾವಗ ಒಂದು ಕಾಗದ ಬರೀ, ನಾಳಿಗೆ ಬರ್ತಾನ ಅಂತ. ಕಾಗದ ತಂದು ಇಟಗೊಂಡಿದ್ದೆ. ಹೆಡ್‌ಮಾಸ್ತರ ಮನಿಗೆ ಹೋಗಿ ಹೇಳ್ಲೇನು ಅಂತ ಅಣ್ಣನೂ ಕೇಳಿದ. ನಾನ ಬ್ಯಾಡ ಅಂದೆ. ಸರ ಬರ್ತೀನಿ ಅಂದಾರ, ಅವರು ಮಾತು ತಪ್ಪಂಗಿಲ್ಲ, ನಡುವ ಬ್ಯಾರೆಯವರ್ನ ಕರದ್ರ ಅವರಿಗೆ ಬ್ಯಾಸರ ಆಗತೈತಿ ಅಂದೆ. ದಿನಾ ಸಂಜೀಕ ಸಾಲಿ ಬಿಟ್ಟ ಗಂಟಿ ಕೇಳಿದ ಕೂಡ್ಲೆ ಅಪ್ಪ ಅಂಗಿ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂದರ್ತಿದ್ದ, ನೀವು ಬಂದ್ರ ಬರೇ ಮೈಲೆ ಇರಬಾರ್ದು ಅಂತ. ಇಪ್ಪತ್ತ ದಿನ ಕುಂತ್ರಿ ಅಂವ. ಆಮ್ಯಾಲ ಮಂಗಳೂರಿನವ್ರು ಬಂದ್ರು.”

ತಿರುವಿನವರೆಗೆ ಹೋಗಿ ವಾಪಸು ಬಂದ ಆ ಭಾನುವಾರವನ್ನು ಅವರು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಒಂದು ಏಟಿನ ಕತೆ ಹೇಳಿ ಊರೂರಲ್ಲಿ ಪಡೆದ ಮೆಚ್ಚುಗೆಯೆಲ್ಲ ಈಗ ನೆನಪಾಗಿ ಮೈ ಹಿಡಿಯಾಯಿತು. ಹೊಡೆಸಿದ ಪಾಪ ಒಂದು ಕ್ಷಣದ್ದು, ಸಿಟ್ಟಿನದ್ದು. ಇದು ಇಪ್ಪತ್ತು ದಿನ, ಪ್ರತಿದಿನ, ತಣ್ಣಗೆ ಕೂತು ಮಾಡಿದ್ದು.

“ನಾನು...” ಎಂದು ಶುರುಮಾಡಿದರು.

“ನೀವು ಬರಲಿಲ್ಲ ಅಂತ ಅಲ್ರಿ ಸರ,” ಜೋಹರಾ ಮೆತ್ತಗೆ ತಡೆದಳು. “ದೊಡ್ಡವ್ರಿಗೆ ನೂರಾ ಎಂಟು ಕೆಲಸ ಇರ್ತಾವ. ನನಗ ಬರಾಕ ಆಗಂಗಿಲ್ಲ ಅಂತ ಅವತ್ತ ಅಂದಿದ್ರ ಸಾಕಿತ್ತು. ನನ್ನ ದಾರಿ ನಾನು ನೋಡ್ಕೊಂತಿದ್ದೆ.”

ಮಂಗಳೂರಿನ ಬಸ್ಸು ಬಂತು. ಅವಳು ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಸೆರಗು ಸರಿಪಡಿಸಿಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಬಸ್ಸು ಹೊರಡುವವರೆಗೂ ಮಾಸ್ತರರು ಕಿಟಕಿಯ ಕೆಳಗೇ ನಿಂತಿದ್ದರು. ಯಾವುದಕ್ಕೆ ಕ್ಷಮೆ ಕೇಳಬೇಕೆಂದು ಈಗ ಅವರಿಗೆ ಗೊತ್ತಿತ್ತು, ಆದರೆ ಕೇಳಲು ಆಗಲಿಲ್ಲ.